ಅಳಿಸಿದ ಚಿತ್ರ ಎಲ್ಲಿಗೆ ಹೋಗುತ್ತದೆ?

ಪದವಿಯ ಕೊನೆಯ ಪರೀಕ್ಷೆ ಮುಗಿಯಿತೆಂದರೆ ಸಂಕೇಶ್ವರದ ತರುಣ ತರುಣಿಯರು ನಾಲ್ಕು ದಿಕ್ಕಿಗೆ ಚದರುತ್ತಾರೆ. ಪುಣೆ–ಬೆಂಗಳೂರು ಹೆದ್ದಾರಿ ಊರ ಮಗ್ಗುಲಲ್ಲಿಯೇ ಹಾದುಹೋಗಿರುವುದರಿಂದ ಕೆಲವರು ಉತ್ತರಕ್ಕೆ ಕೊಲ್ಹಾಪುರ, ಪುಣೆಗಳ ಕಾರಖಾನೆಗಳಿಗೂ, ಕೆಲವರು ದಕ್ಷಿಣಕ್ಕೆ ಬೆಳಗಾವಿ, ಬೆಂಗಳೂರುಗಳಿಗೂ ಹೊರಡುತ್ತಾರೆ. ಕೆಲವು ಹೆಣ್ಣುಮಕ್ಕಳು ಗೋಕಾಕ, ಮೂಡಲಗಿಗಳ ಕಡೆ ಮದುವೆಯಾಗಿ ಹೋಗುತ್ತಾರೆ. ಉಳಿದವರು ಹಿರಣ್ಯಕೇಶಿಯ ದಂಡೆಯ ಕಬ್ಬಿನ ಹೊಲದಲ್ಲಿಯೋ ಮೆಣಸಿನಕಾಯಿಯ ಪೇಟೆಯಲ್ಲಿಯೋ ತಂದೆಯ ಕೆಲಸಕ್ಕೆ ಹೆಗಲು ಕೊಡುತ್ತಾರೆ. ಮೂರು ವರ್ಷ ಒಂದೇ ಬೆಂಚಿನ ಮೇಲೆ ಕುಳಿತವರ ಸ್ನೇಹವು ಆ ಬಳಿಕ ಬಹುಮಟ್ಟಿಗೆ ಅಂಗೈಯಗಲದ ಗಾಜಿನ ಫಲಕದ ಮೇಲೆಯೇ ನಡೆಯಬೇಕಾಗುತ್ತದೆ. ಹೀಗಿರುವಲ್ಲಿ, ಚಿತ್ರಗಳನ್ನೂ ಮಾತುಗಳನ್ನೂ ಹಂಚಿಕೊಳ್ಳಲು ಯಾವ ಆ್ಯಪ್ ಒಳ್ಳೆಯದು ಎಂದು ವಿದ್ಯಾರ್ಥಿಗಳು ನಮ್ಮನ್ನು ಆಗಾಗ ಕೇಳುವುದುಂಟು. ಕೇಳುವಾಗ ಒಂದು ನಂಬಿಕೆಯೂ ಅದರೊಡನೆ ಬರುತ್ತದೆ: “ಸರ್, ಅದರಾಗ ಕಳಿಸಿದ ಫೋಟೋ ತಾನ ಅಳಿಸಿ ಹೋಗ್ತೈತಿ, ಅಂದ ಮ್ಯಾಲ ಚಿಂತಿ ಏನ್ರಿ?”

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ‘ಅಳಿಸಿ ಹೋಗುವುದು’ ಎಂದರೇನು ಎಂಬುದನ್ನು ವಿಚಾರಿಸಬೇಕು. ಹಿಂದೆ ಗೆಳೆಯರು ಊರಿನ ಸ್ಟುಡಿಯೋದಲ್ಲಿ ಸಾಲಾಗಿ ನಿಂತು ತೆಗೆಸಿಕೊಂಡ ಚಿತ್ರಕ್ಕೆ ಒಂದೇ ನೆಗೆಟಿವ್ ಇರುತ್ತಿತ್ತು. ಪ್ರತಿಗಳೆಷ್ಟು, ಅವು ಯಾರ ಯಾರ ಮನೆಯಲ್ಲಿವೆ ಎಂಬುದು ಎಲ್ಲರಿಗೂ ತಿಳಿದ ಮಾತು. ಹರಿದು ಒಲೆಗೆ ಹಾಕಿದರೆ ಆ ಪ್ರತಿ ಇಲ್ಲವಾಯಿತು. ಇಂದಿನ ಚಿತ್ರವಾದರೋ ಕಾಗದವಲ್ಲ, ಅಂಕಿಗಳ ಒಂದು ಉದ್ದವಾದ ಪಟ್ಟಿ. ಕಾಗದವನ್ನು ಒಬ್ಬರಿಗೆ ಕೊಟ್ಟರೆ ಅದು ನಮ್ಮ ಕೈ ಬಿಡುತ್ತದೆ. ಅಂಕಿಗಳನ್ನು ಕೊಡುವುದೆಂದರೆ ನಕಲು ಮಾಡುವುದೇ ಹೊರತು ಬೇರೆ ದಾರಿಯಿಲ್ಲ. ‘ಕಳುಹಿಸು’ ಎಂಬ ಗುಂಡಿಯನ್ನು ಒತ್ತಿದಾಗ ಚಿತ್ರವೇನೂ ನಮ್ಮ ಫೋನಿನಿಂದ ಹೊರಟುಹೋಗುವುದಿಲ್ಲ. ಅದರ ನಕಲುಗಳು ಹುಟ್ಟುತ್ತವೆ, ಅಷ್ಟೆ.

ಈ ಪಟ್ಟಿ ಹೇಗೆ ಸಿದ್ಧವಾಗುತ್ತದೆಂದು ನೋಡೋಣ. ಫೋನಿನ ಕ್ಯಾಮರದಲ್ಲಿ ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಒಂದು ಸಿಲಿಕಾನ್ ಫಲಕವಿರುತ್ತದೆ. ಅದರ ಮೇಲೆ ಬೆಳಕು ಬಿದ್ದಾಗ ಸಿಲಿಕಾನಿನೊಳಗಿಂದ ಇಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಹೆಚ್ಚು ಬೆಳಕು ಬಿದ್ದಲ್ಲಿ ಹೆಚ್ಚು, ಕಡಮೆ ಬಿದ್ದಲ್ಲಿ ಕಡಮೆ. ಫಲಕವನ್ನು ಚಿಕ್ಕ ಚಿಕ್ಕ ಮನೆಗಳಾಗಿ ವಿಂಗಡಿಸಿ ಒಂದೊಂದು ಮನೆಯ ಇಲೆಕ್ಟ್ರಾನುಗಳನ್ನೂ ಅಳೆದರೆ ಚಿತ್ರದ ಅಂಕಿಗಳು ದೊರೆಯುತ್ತವೆ. 12 ಮೆಗಾಪಿಕ್ಸೆಲ್ ಎಂದು ಹೇಳುವ ಕ್ಯಾಮರದ ಚಿತ್ರದಲ್ಲಿ ಅಡ್ಡಕ್ಕೆ 4,000, ಉದ್ದಕ್ಕೆ 3,000, ಒಟ್ಟು 1 ಕೋಟಿ 20 ಲಕ್ಷ ಬಿಂದುಗಳಿರುತ್ತವೆ. ಕೆಂಪು, ಹಸುರು, ನೀಲಿಗಳಿಗೆ ಬಿಂದುವೊಂದಕ್ಕೆ ಮೂರು ಬೈಟುಗಳಂತೆ ಹಿಡಿದರೆ ಒಂದು ಚಿತ್ರಕ್ಕೆ 3 ಕೋಟಿ 60 ಲಕ್ಷ ಬೈಟುಗಳು ಬೇಕು. ಆದರೆ ನಮ್ಮ ಫೋನಿನಲ್ಲಿ ಅದೇ ಚಿತ್ರ ಮೂವತ್ತು ನಾಲ್ವತ್ತು ಲಕ್ಷ ಬೈಟುಗಳಷ್ಟೇ ಇರುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಎಲ್ಲಿ ಹೋಯಿತು?

ಇಲ್ಲಿ ಕನ್ನಡ ನಾಡಿನ ಒಬ್ಬ ವಿಜ್ಞಾನಿಯ ಹೆಸರು ಹೇಳುವುದು ಅವಶ್ಯ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ತೆರಳಿದ ನಾಸಿರ್ ಅಹಮದ್ ಅವರು 1972ರಲ್ಲಿ ಒಂದು ಗಣಿತ ವಿಧಾನವನ್ನು ಸೂಚಿಸಿದರು. ಅಂದು ಅದರ ಸಂಶೋಧನೆಗೆ ಕೇಳಿದ ಧನಸಹಾಯ ದೊರೆಯಲಿಲ್ಲ. ಆದರೂ ಬಿಡದೆ ಟಿ. ನಟರಾಜನ್, ಕೆ. ಆರ್. ರಾವ್ ಇವರೊಡಗೂಡಿ 1974ರಲ್ಲಿ ಅದನ್ನು ಪ್ರಕಟಿಸಿದರು. ಡಿಸ್‌ಕ್ರೀಟ್ ಕೊಸೈನ್ ಪರಿವರ್ತನೆ ಎಂಬುದು ಅದರ ಹೆಸರು. ಚಿತ್ರವನ್ನು ಎಂಟು ಸಾಲು ಎಂಟು ಕಂಬಗಳ, ಎಂದರೆ 64 ಬಿಂದುಗಳ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕವನ್ನೂ 64 ಬಗೆಯ ಅಲೆಗಳ ಮೊತ್ತವಾಗಿ ಬರೆಯುತ್ತಾರೆ. ಅವುಗಳಲ್ಲಿ ನಿಧಾನವಾಗಿ ಏರಿಳಿಯುವ ಕೆಲವು ಅಲೆಗಳೇ ಪ್ರಬಲ. ಬಹಳ ಸೂಕ್ಷ್ಮವಾದ ಏರಿಳಿತಗಳನ್ನು ಕಣ್ಣು ಅಷ್ಟಾಗಿ ಗುರುತಿಸದು, ಆದುದರಿಂದ ಅವನ್ನು ಬಿಟ್ಟುಬಿಡಬಹುದು. 1992ರಲ್ಲಿ ನಿಗದಿಯಾದ ಜೆಪೆಗ್ ಕ್ರಮಕ್ಕೆ ಇದೇ ಬುನಾದಿ. ವಾಟ್ಸಾಪ್ ಮುಂತಾದವು ಇನ್ನೂ ಮುಂದೆ ಹೋಗಿ, ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರದ ಉದ್ದದ ಅಂಚನ್ನು ಸುಮಾರು 1,600 ಬಿಂದುಗಳಿಗೆ ಇಳಿಸುತ್ತವೆ. ಆಗ ಉಳಿಯುವುದು ಮೂಲ ಬಿಂದುಗಳಲ್ಲಿ ಆರನೆಯ ಒಂದು ಪಾಲಿಗೂ ಕಡಮೆ. ಗೆಳೆಯನ ಮದುವೆಯ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಲು ಹೋದವರು ಅದು ಮಸುಕಾಗಿ ಬಂತೆಂದು ಸ್ಟುಡಿಯೋದವನನ್ನು ಬಯ್ಯುವುದನ್ನು ನಾವು ಕಂಡಿದ್ದೇವೆ. ತಪ್ಪು ಅವನದಲ್ಲ.

ಇನ್ನು ಪ್ರಯಾಣದ ಮಾತು. ಸಂಕೇಶ್ವರದಿಂದ ಪುಣೆಯ ಗೆಳತಿಗೆ ಕಳುಹಿಸಿದ ಒಂದು ಚಿತ್ರದ ನಕಲುಗಳನ್ನು ಎಣಿಸಿ ನೋಡಿರಿ. ಕಳುಹಿಸಿದವಳ ಗ್ಯಾಲರಿಯಲ್ಲಿ ಮೂಲಪ್ರತಿ, ಆ್ಯಪಿನ ಕೋಶದಲ್ಲಿ ಕುಗ್ಗಿಸಿದ ಪ್ರತಿ, ಸಂಸ್ಥೆಯ ಸರ್ವರಿನಲ್ಲಿ ಒಂದು, ಗೆಳತಿಯ ಫೋನಿನಲ್ಲಿ ಒಂದು, ಅವಳ ಗ್ಯಾಲರಿ ತಾನಾಗಿ ಉಳಿಸಿಕೊಂಡ ಇನ್ನೊಂದು, ಇಬ್ಬರಲ್ಲಿ ಯಾರಾದರೂ ಗೂಗಲ್ ಫೋಟೋಸ್‌ನಲ್ಲಿ ಕಾದಿರಿಸುವ ಏರ್ಪಾಡು ಮಾಡಿಕೊಂಡಿದ್ದರೆ ಅಲ್ಲಿ ಮತ್ತೊಂದು. ಒಂದು ಗುಂಡಿ ಒತ್ತಿದ್ದಕ್ಕೆ ಆರು ನಕಲು. ಗೆಳತಿಯರು ಇಪ್ಪತ್ತು ಜನರ ಗುಂಪು ಕಟ್ಟಿಕೊಂಡಿದ್ದರೆ ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಬಹುದು. ‘ಕಾಣೆಯಾಗುವ ಸಂದೇಶ’ ಎಂಬ ಏರ್ಪಾಡು ಇವುಗಳಲ್ಲಿ ಯಾವ ಯಾವ ನಕಲನ್ನು ಅಳಿಸುತ್ತದೆ, ಯಾವುದನ್ನು ಮುಟ್ಟುವುದಿಲ್ಲ ಎಂಬುದೇ ಆ್ಯಪನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ.

ಒಂದು ಫೋನಿನೊಳಗಾದರೂ ಅಳಿಸುವುದು ಅಂದುಕೊಂಡಷ್ಟು ಸರಳವಲ್ಲ. ಫೋನಿನ ಸ್ಮೃತಿಕೋಶವು 1984ರಲ್ಲಿ ಜಪಾನಿನ ಫುಜಿಯೋ ಮಸುಓಕ ಅವರು ಪ್ರಕಟಿಸಿದ ಫ್ಲ್ಯಾಶ್ ಎಂಬ ಜಾತಿಯದು. ಸುತ್ತಲೂ ವಿದ್ಯುನ್ನಿರೋಧಕದ ಗೋಡೆಯುಳ್ಳ ಅತಿ ಸೂಕ್ಷ್ಮವಾದ ಕೋಣೆಗಳಲ್ಲಿ ಇಲೆಕ್ಟ್ರಾನುಗಳನ್ನು ಕೂಡಿಹಾಕುವುದೇ ಅದರಲ್ಲಿ ಬರೆಯುವ ರೀತಿ. ವಿದ್ಯುತ್ತು ಇಲ್ಲದಿದ್ದರೂ ಅವು ವರ್ಷಗಟ್ಟಲೆ ಅಲ್ಲಿಯೇ ಸೆರೆಯಾಗಿರುತ್ತವೆ. ಇಂಥ ಕೋಣೆಗಳನ್ನು ಒಂದೊಂದಾಗಿ ತೆರವು ಮಾಡಲು ಬರುವುದಿಲ್ಲ. ದೊಡ್ಡ ದೊಡ್ಡ ಗುಂಪುಗಳಾಗಿಯೇ ತೆರವು ಮಾಡಬೇಕು, ಹಾಗೆ ಮಾಡಿದಷ್ಟೂ ಗೋಡೆಗಳು ಸವೆಯುತ್ತವೆ. ಆದುದರಿಂದ ನಾವು ‘ಅಳಿಸು’ ಎಂದಾಗ ಫೋನು ಆ ಕೂಡಲೆ ಇಲೆಕ್ಟ್ರಾನುಗಳನ್ನು ಹೊರಗಟ್ಟುವುದಿಲ್ಲ. ಗ್ರಂಥಾಲಯದ ಸೂಚಿಯಿಂದ ಒಂದು ಚೀಟಿಯನ್ನು ತೆಗೆದಂತೆ, ಆ ಚಿತ್ರದ ವಿಳಾಸವನ್ನು ಮಾತ್ರ ತೆಗೆಯುತ್ತದೆ. ಪುಸ್ತಕ ಕಪಾಟಿನಲ್ಲಿಯೇ ಇರುತ್ತದೆ; ಜಾಗ ಬೇಕಾದಾಗ ಸಿಬ್ಬಂದಿ ಅದನ್ನು ತೆಗೆದುಹಾಕುತ್ತಾರೆ. ಈಚಿನ ಫೋನುಗಳು ಎಲ್ಲವನ್ನೂ ಗೂಢಲಿಪಿಯಲ್ಲಿಯೇ ಬರೆದಿಡುವುದರಿಂದ, ಕೀಲಿಯಿಲ್ಲದ ಪರರು ಹೀಗೆ ಉಳಿದ ಚೂರುಗಳನ್ನು ಓದುವುದು ಬಲು ಕಷ್ಟ.

ಕೀಲಿಯ ಮಾತು ಬಂದುದರಿಂದ ಬೀಗದ ಮಾತನ್ನೂ ಹೇಳಬೇಕು. ಅಂಚೆಯಲ್ಲಿ ಒಂದು ಪೆಟ್ಟಿಗೆಯನ್ನು ಯಾರೂ ತೆರೆಯದಂತೆ ಪುಣೆಗೆ ಕಳುಹಿಸಬೇಕಾಗಿದೆಯೆನ್ನಿ. ಬೀಗ ಹಾಕಿ ಕೀಲಿಯನ್ನೂ ಅಂಚೆಯಲ್ಲಿಯೇ ಕಳುಹಿಸಿದರೆ ಪ್ರಯೋಜನವಿಲ್ಲ. ಅದರ ಬದಲು ಗೆಳತಿಯೇ ತನ್ನ ಬೀಗವನ್ನು ತೆರೆದ ಸ್ಥಿತಿಯಲ್ಲಿ ನಮಗೆ ಕಳುಹಿಸಿ, ಕೀಲಿಯನ್ನು ತನ್ನ ಬಳಿ ಇಟ್ಟುಕೊಳ್ಳಲಿ. ಬೀಗವನ್ನು ಒತ್ತಿ ಹಾಕಲು ಕೀಲಿ ಬೇಡ. ತೆರೆಯಲು ಮಾತ್ರ ಬೇಕು. ಇಂಥ ಬೀಗವನ್ನು ಗಣಿತದಿಂದ ಮಾಡಬಹುದೆಂಬ ವಿಚಾರವನ್ನು 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬವರು ಲೋಕಕ್ಕೆ ತಿಳಿಸಿದರು. ಸಿಗ್ನಲ್ ಎಂಬ ಆ್ಯಪ್ ಇದನ್ನು ಇನ್ನಷ್ಟು ಬೆಳೆಸಿದೆ. ಅದು ಪ್ರತಿಯೊಂದು ಸಂದೇಶಕ್ಕೂ ಹೊಸ ಕೀಲಿಯನ್ನು ಮಾಡಿ, ಉಪಯೋಗಿಸಿದೊಡನೆ ಆ ಕೀಲಿಯನ್ನು ನಾಶಮಾಡುತ್ತದೆ. ದಾರಿಯಲ್ಲಿ ಯಾರಾದರೂ ಬೀಗ ಹಾಕಿದ ಪೆಟ್ಟಿಗೆಯ ನಕಲನ್ನು ಕದ್ದಿಟ್ಟುಕೊಂಡು ಮುಂದೆಂದೋ ಫೋನನ್ನು ವಶಪಡಿಸಿಕೊಂಡರೂ, ಹಳೆಯ ಪೆಟ್ಟಿಗೆಯನ್ನು ತೆರೆಯುವ ಕೀಲಿ ಅದರಲ್ಲಿ ಇರುವುದಿಲ್ಲ. ನಮ್ಮ ದೃಷ್ಟಿಯಲ್ಲಿ ನಿಜವಾಗಿ ‘ಕಾಣೆಯಾಗುವುದು’ ಎಂಬ ಹೆಸರಿಗೆ ತಕ್ಕುದು ಈ ಕೀಲಿಯೊಂದೇ. ಇದೇ ಕ್ರಮವನ್ನು ವಾಟ್ಸಾಪ್ 2016ರ ಏಪ್ರಿಲಿನಲ್ಲಿ ತನ್ನ ಎಲ್ಲ ಸಂದೇಶಗಳಿಗೂ ಅಳವಡಿಸಿತು. ಟೆಲಿಗ್ರಾಮಿನಲ್ಲಾದರೋ ‘ಗುಪ್ತ ಸಂವಾದ’ವೆಂದು ಬೇರೆಯಾಗಿ ಆರಿಸಿಕೊಂಡರೆ ಮಾತ್ರ ಈ ಬಗೆಯ ಬೀಗ, ಸಾಮಾನ್ಯ ಸಂವಾದಗಳಿಗೆ ಇಲ್ಲ. ಹೆಸರು ನೋಡಿ ಮೋಸಹೋಗುವವರು ಬಹಳ.

ಆದರೆ ಬೀಗ ಕಾಯುವುದು ದಾರಿಯನ್ನು ಮಾತ್ರ. ಪೆಟ್ಟಿಗೆ ತೆರೆದ ಮೇಲೆ ಒಳಗಿನ ವಸ್ತು ಗೆಳತಿಯ ಕೈಯಲ್ಲಿದೆ. ಈ ಭೇದವನ್ನು ಮರೆತುದರಿಂದಲೇ ಸ್ನ್ಯಾಪ್‌ಚಾಟಿನ ಬಗೆಗೆ ತಪ್ಪು ಕಲ್ಪನೆಗಳು ಹಬ್ಬಿದವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2011ರಲ್ಲಿ ಪ್ರಾರಂಭಿಸಿದ ಈ ಆ್ಯಪಿನಲ್ಲಿ ಚಿತ್ರವು ಕೆಲವೇ ಸೆಕೆಂಡು ಕಂಡು ಮರೆಯಾಗುತ್ತಿತ್ತು. ಜನ ಅದನ್ನು ಅಕ್ಷರಶಃ ನಂಬಿದರು. 2014ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗವು, ಚಿತ್ರಗಳು ಶಾಶ್ವತವಾಗಿ ಮಾಯವಾಗುತ್ತವೆಂಬ ಸಂಸ್ಥೆಯ ಹೇಳಿಕೆ ಜನರನ್ನು ದಾರಿತಪ್ಪಿಸುವಂಥದೆಂದು ಆರೋಪಿಸಿತು. ಬೇರೆಯವರು ರಚಿಸಿದ ಆ್ಯಪುಗಳ ಮೂಲಕ ಚಿತ್ರವನ್ನು ಪಡೆದವರು ಅದನ್ನು ಉಳಿಸಿಕೊಳ್ಳಬಹುದಾಗಿತ್ತು. ಫೋನನ್ನು ಗಣಕಕ್ಕೆ ಜೋಡಿಸಿದರೆ ಚಲನಚಿತ್ರಗಳ ಕಡತ ಕಣ್ಣಿಗೆ ಬೀಳುತ್ತಿತ್ತು. ಸಂಸ್ಥೆ ಆಯೋಗದೊಡನೆ ಒಪ್ಪಂದಕ್ಕೆ ಬಂದು, ಇಪ್ಪತ್ತು ವರ್ಷಗಳ ಕಾಲ ತನ್ನ ಗೌಪ್ಯತಾ ಕ್ರಮಗಳ ಮೇಲೆ ಸ್ವತಂತ್ರ ಮೇಲ್ವಿಚಾರಣೆಗೆ ತಲೆಬಾಗಬೇಕಾಯಿತು.

ವಾಟ್ಸಾಪ್ 2020ರ ನವೆಂಬರಿನಲ್ಲಿ ಏಳು ದಿನಗಳ ಗಡುವಿನ ಕಾಣೆಯಾಗುವ ಸಂದೇಶಗಳನ್ನೂ, 2021ರಲ್ಲಿ ಒಮ್ಮೆ ಮಾತ್ರ ನೋಡಬಹುದಾದ ಚಿತ್ರವನ್ನೂ, ಆ ವರ್ಷದ ಕೊನೆಗೆ 24 ಗಂಟೆ ಮತ್ತು 90 ದಿನಗಳ ಗಡುವುಗಳನ್ನೂ ತಂದಿತು. ಗಡುವು ಮುಗಿದಾಗ ಇಬ್ಬರ ಸಂವಾದದಿಂದಲೂ ಸಂದೇಶ ಅಳಿಯುತ್ತದೆ. ಆದರೆ ಅಷ್ಟರೊಳಗೆ ಮೂರನೆಯವರಿಗೆ ರವಾನಿಸಿದ್ದು, ಗ್ಯಾಲರಿಗೆ ಉಳಿಸಿಕೊಂಡದ್ದು ಹಾಗೆಯೇ ಉಳಿಯುತ್ತದೆ. ಒಮ್ಮೆ ನೋಡುವ ಚಿತ್ರವನ್ನು ಪರದೆಯಿಂದ ನಕಲು ಮಾಡದಂತೆ ಸಂಸ್ಥೆ ತಡೆ ಹಾಕಿತು. ಆ ತಡೆಯನ್ನು ವಾಟ್ಸಾಪಿನ ಜಾಲ ಆವೃತ್ತಿಯ ಮೂಲಕ ದಾಟಬಹುದೆಂದು 2024ರ ಸೆಪ್ಟೆಂಬರಿನಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಇಂಥ ರಂಧ್ರಗಳನ್ನು ಮುಚ್ಚಬಹುದು. ಯಾರೂ ಮುಚ್ಚಲಾರದ ರಂಧ್ರ ಬೇರೊಂದಿದೆ. ಚಿತ್ರವನ್ನು ನೋಡಬೇಕಾದರೆ ಪರದೆಯಿಂದ ಬೆಳಕು ಹೊರಡಲೇಬೇಕು. ಕಣ್ಣಿಗೆ ಬೀಳುವ ಆ ಬೆಳಕು ಪಕ್ಕದಲ್ಲಿ ಹಿಡಿದ ಇನ್ನೊಂದು ಫೋನಿನ ಕ್ಯಾಮರಕ್ಕೂ ಬೀಳುತ್ತದೆ. ಕಣ್ಣನ್ನು ಬಿಟ್ಟು ಕ್ಯಾಮರಕ್ಕೆ ಮಾತ್ರ ಕಾಣದಿರುವ ಚಿತ್ರವನ್ನು ಯಾವ ಆ್ಯಪೂ ಮಾಡಿಲ್ಲ. ಗಡುವಿನ ಯಂತ್ರ ತಡೆಯುವುದು ಮರೆವಿನಿಂದ ಉಳಿಯುವ ನಕಲುಗಳನ್ನು. ಬೇಕೆಂದೇ ಉಳಿಸಿಕೊಳ್ಳುವವನನ್ನು ಅದು ತಡೆಯಲಾರದು.

ಹಾಗಾದರೆ ಅದು ನಿರುಪಯೋಗಿಯೆ? ಹಾಗಲ್ಲ. ಫೋನು ಕಳೆದುಹೋಗುತ್ತದೆ, ಹಳೆಯದಾಗಿ ಮಾರಾಟವಾಗುತ್ತದೆ, ತಮ್ಮನ ಕೈಗೆ ಬರುತ್ತದೆ, ದುರಸ್ತಿಯ ಅಂಗಡಿಯಲ್ಲಿ ನಾಲ್ಕು ದಿನ ಇರುತ್ತದೆ. ಗೆಳತಿ ಪ್ರಾಮಾಣಿಕಳೇ ಇರಬಹುದು; ಅವಳ ಫೋನು ಯಾರ ಕೈಗೆ ಹೋದೀತೆಂದು ಅವಳಿಗೂ ತಿಳಿಯದು. ನಂಬಿಕೆಯುಳ್ಳವರ ನಡುವೆ ಗಡುವು ಬಹಳ ಒಳ್ಳೆಯ ಕಾವಲು. ನಂಬಿಕೆಯಿಲ್ಲದ ಕಡೆ ಅದು ಕಾವಲೇ ಅಲ್ಲ. ವಿದ್ಯಾರ್ಥಿಗಳು ಇದನ್ನು ಸಾಮಾನ್ಯವಾಗಿ ತಿರುಗುಮುರುಗಾಗಿ ತಿಳಿಯುತ್ತಾರೆ: ಪೂರ್ತಿ ನಂಬಿಕೆಯಿಲ್ಲದವರಿಗೆ ‘ಹೇಗೂ ಅಳಿಯುತ್ತದಲ್ಲ’ ಎಂದು ಚಿತ್ರ ಕಳುಹಿಸುತ್ತಾರೆ. ನಮಗೆ ಇದರಲ್ಲಿಯೇ ಅಪಾಯ ಕಾಣುತ್ತದೆ.

ಇಷ್ಟನ್ನು ತಿಳಿದ ಮೇಲೆ ಆಯ್ಕೆ ಕಷ್ಟವಲ್ಲ. ಕಾಲೇಜಿನ ಹಳೆಯ ಗುಂಪಿನ ದಿನನಿತ್ಯದ ಹರಟೆಗೆ, ಎಲ್ಲರ ಫೋನಿನಲ್ಲಿಯೂ ಈಗಾಗಲೇ ಇರುವ ವಾಟ್ಸಾಪ್ 90 ದಿನಗಳ ಗಡುವಿನೊಡನೆ ಸಾಕು. ಆಪ್ತರಾದ ಒಬ್ಬಿಬ್ಬರೊಡನೆ ಮನಸ್ಸಿನ ಮಾತು ಹಂಚಿಕೊಳ್ಳುವವರಿಗೆ ನಾವು ಸಿಗ್ನಲನ್ನು ಸೂಚಿಸುತ್ತೇವೆ. ಅದನ್ನು ನಡೆಸುವುದು ಲಾಭಾಪೇಕ್ಷೆಯಿಲ್ಲದ ಪ್ರತಿಷ್ಠಾನ. 2016ರಲ್ಲಿ ಅಮೆರಿಕದ ನ್ಯಾಯಾಂಗವು ಒಬ್ಬ ಬಳಕೆದಾರನ ವಿವರಗಳನ್ನು ಕೇಳಿದಾಗ, ಖಾತೆ ತೆರೆದ ಸಮಯ ಮತ್ತು ಕೊನೆಯ ಸಲ ಸಂಪರ್ಕಕ್ಕೆ ಬಂದ ದಿನ, ಇವೆರಡನ್ನುಳಿದು ಕೊಡಲು ಅವರ ಬಳಿ ಬೇರೇನೂ ಇರಲಿಲ್ಲ. ಕೊಡುವುದಿಲ್ಲವೆಂಬ ಭರವಸೆಗಿಂತ ಕೊಡಲು ಇಲ್ಲವೆಂಬ ಸ್ಥಿತಿ ಹೆಚ್ಚು ಗಟ್ಟಿ. ಇನ್‌ಸ್ಟಾಗ್ರಾಮಿನ ‘ಸ್ಟೋರಿ’ 24 ಗಂಟೆಗಳ ತರುವಾಯ ಮರೆಯಾದರೂ ಅದು ಅಂಗಳದಲ್ಲಿ ನಿಂತು ಮಾತನಾಡಿದಂತೆ. 2018ರಿಂದ ಇರುವ ‘ಆಪ್ತ ಸ್ನೇಹಿತರು’ ಎಂಬ ಪಟ್ಟಿಯನ್ನು ಬಳಸಿದರೆ ಪಡಸಾಲೆಯಲ್ಲಿ ಮಾತನಾಡಿದಷ್ಟು ಆದೀತು. ಬೆಂಗಳೂರಿನಲ್ಲಿ ಬೆಳೆದ ಶೇರ್‌ಚಾಟ್ ಕನ್ನಡದಲ್ಲಿಯೇ ವ್ಯವಹರಿಸಲು ಅನುಕೂಲವಾದದ್ದು, ಆದರೆ ಅದು ಸಂತೆ, ಗೆಳೆಯರ ಮನೆಯಲ್ಲ.

ಸ್ನ್ಯಾಪ್‌ಚಾಟ್ ತಮಾಷೆಗೆ ಚೆನ್ನ. ತೆರೆದು ನೋಡಿದ ಚಿತ್ರವನ್ನು ತನ್ನ ಸರ್ವರಿನಿಂದ ಅಳಿಸುವುದಾಗಿಯೂ, ತೆರೆಯದೆ ಉಳಿದದ್ದನ್ನು ಸುಮಾರು ತಿಂಗಳಿಗೆ ಅಳಿಸುವುದಾಗಿಯೂ ಸಂಸ್ಥೆ ಹೇಳುತ್ತದೆ. ಪರದೆಯನ್ನು ನಕಲು ಮಾಡಿಕೊಂಡರೆ ಕಳುಹಿಸಿದವರಿಗೆ ಸೂಚನೆಯೂ ಹೋಗುತ್ತದೆ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. 2017ರಲ್ಲಿ ಅದು ಸ್ನೇಹಿತರು ನಕಾಶೆಯ ಮೇಲೆ ಎಲ್ಲಿದ್ದಾರೆಂದು ತೋರಿಸುವ ಏರ್ಪಾಡನ್ನು ತಂದಿದೆ. ಅದನ್ನು ಮುಚ್ಚಿಡುವುದು ಲೇಸು. ಇನ್ನೊಂದು ‘ಸ್ಟ್ರೀಕ್’. ಇಬ್ಬರು ಪ್ರತಿದಿನವೂ ತಪ್ಪದೆ ಒಬ್ಬರಿಗೊಬ್ಬರು ಏನಾದರೂ ಕಳುಹಿಸಿದರೆ ಎಣಿಕೆ ಏರುತ್ತದೆ. ಒಂದು ದಿನ ತಪ್ಪಿದರೆ ಸೊನ್ನೆ. ಗೋಡೆಯ ಚಿತ್ರವೋ ಚಪ್ಪಲಿಯ ಚಿತ್ರವೋ, ಎಣಿಕೆ ಉಳಿದರೆ ಸಾಕೆಂದು ಕಳುಹಿಸುವವರನ್ನು ನಾವು ಬಲ್ಲೆವು. ದಿನಾಲು ತರಗತಿಯಲ್ಲಿ ಹಾಜರಿ ಕೂಗುವ ನಮಗೆ, ಹಾಜರಿಯಿಂದ ವಿದ್ಯೆಯ ಮೇಲಿನ ಪ್ರೀತಿಯನ್ನು ಅಳೆಯಲಾಗದೆಂಬುದು ಚೆನ್ನಾಗಿ ಗೊತ್ತು.

ಯಾವ ಆ್ಯಪನ್ನು ಆರಿಸಿದರೂ ಚಿತ್ರದೊಳಗೆ ಅಡಗಿದ ವಿಳಾಸದ ಮೇಲೆ ಕಣ್ಣಿರಬೇಕು. ಕ್ಯಾಮರಕ್ಕೆ ಸ್ಥಳ ತಿಳಿಯುವ ಅನುಮತಿ ಕೊಟ್ಟಿದ್ದರೆ ಅದು ಪ್ರತಿ ಚಿತ್ರದ ಕಡತದಲ್ಲಿಯೂ ಅಕ್ಷಾಂಶ ರೇಖಾಂಶಗಳನ್ನು ಬರೆದಿಡುತ್ತದೆ. ಗೋಕಾಕ ಜಲಪಾತದ ಮುಂದೆ ತೆಗೆದುದಕ್ಕೆ ಅದರಿಂದ ಹಾನಿಯಿಲ್ಲ; ಮನೆಯ ಕೋಣೆಯಲ್ಲಿ ತೆಗೆದ ಚಿತ್ರ ಮನೆಯನ್ನೇ ತೋರಿಸಿಕೊಡುತ್ತದೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಈ ಬರೆಹ ಕಳಚುತ್ತದೆ, ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಉಳಿಯುತ್ತದೆ.

ಕಾನೂನು ಏನನ್ನುತ್ತದೆ? ಗೌಪ್ಯತೆ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಮಾತಿದೆ: ಸ್ತ್ರೀಯೊಬ್ಬಳು ತನ್ನ ಖಾಸಗಿ ಚಿತ್ರವನ್ನು ತೆಗೆಯಲು ಒಪ್ಪಿದ್ದರೂ, ಅದನ್ನು ಮೂರನೆಯವರಿಗೆ ಹಂಚಲು ಒಪ್ಪಿರದಿದ್ದರೆ, ಹಂಚಿದ್ದು ಅಪರಾಧವೇ. “ನೀನೇ ಕಳಿಸಿದ್ದೆಲ್ಲ” ಎಂದು ಬೆದರಿಸುವವನಿಗೆ ಇದು ಉತ್ತರ. ಬೆದರಿಕೆಗೆ ಒಳಗಾದವರು ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ಕೊಡಬಹುದು, ಹತ್ತಿರದ ಪೊಲೀಸ್ ಠಾಣೆಗೂ ಹೋಗಬಹುದು. ಆದರೆ ಬೆದರಿಸುವವರೂ ಕಾಣೆಯಾಗುವ ಸಂದೇಶದಲ್ಲಿಯೇ ಬೆದರಿಸುತ್ತಾರೆಂಬುದನ್ನು ಮರೆಯಬಾರದು. ಸಂದೇಶ ಅಳಿದರೆ ಸಾಕ್ಷ್ಯವೂ ಅಳಿಯಿತು. ಪರದೆಯ ನಕಲಿಗೆ ತಡೆಯಿದ್ದರೆ ಮನೆಯವರ ಇನ್ನೊಂದು ಫೋನಿನಿಂದ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಬೇಕು. ನಾವು ಮೇಲೆ ಹೇಳಿದ ಮುಚ್ಚಲಾಗದ ರಂಧ್ರ ಇಲ್ಲಿ ನೊಂದವರ ನೆರವಿಗೆ ಬರುತ್ತದೆ. ಇದೇ ಕಾರಣದಿಂದ ಹಣದ ವ್ಯವಹಾರ, ಪೇಟೆಯಲ್ಲಿ ಒಪ್ಪಿಕೊಂಡ ಮೆಣಸಿನಕಾಯಿಯ ದರ, ಸಾಲದ ಮಾತು ಇವುಗಳನ್ನು ಗಡುವಿರುವ ಸಂವಾದದಲ್ಲಿ ಆಡಬಾರದು.

ಕೊನೆಯದಾಗಿ ಉಳಿಯಬೇಕಾದ ಚಿತ್ರಗಳ ಮಾತು. 2019ರ ಆಗಸ್ಟಿನ ನೆರೆಯಲ್ಲಿ ಬೆಳಗಾವಿ ಜಿಲ್ಲೆಯ ನದೀತೀರದ ಎಷ್ಟೋ ಮನೆಗಳಿಗೆ ನೀರು ನುಗ್ಗಿತು. ಕಾಗದದ ಆಲ್ಬಮ್ಮಿಗೆ ಅಂಥ ಅಪಾಯಗಳುಂಟು. ಹಾಗೆಂದು ಆ್ಯಪನ್ನೇ ಪೆಟ್ಟಿಗೆಯೆಂದು ನಂಬಿದವರ ಗತಿಯೂ ಅಷ್ಟೇ. ಒಂದು ಕಾಲಕ್ಕೆ ನಮ್ಮ ದೇಶದ ತರುಣರೆಲ್ಲ ಸೇರಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಮುಚ್ಚಿತು. ಟಿಕ್‌ಟಾಕ್ ಸಹಿತ 59 ಆ್ಯಪುಗಳನ್ನು ಸರಕಾರ 2020ರ ಜೂನ್ 29ರಂದು ನಿಷೇಧಿಸಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ರಿಂದ ನಿಂತಿತು. ಆದುದರಿಂದ ಗೆಳೆಯರ ಗುಂಪಿನಲ್ಲಿ ಒಬ್ಬರಾದರೂ ವರ್ಷಕ್ಕೊಮ್ಮೆ ಮೂಲಪ್ರತಿಗಳನ್ನು ಎರಡು ಬೇರೆ ಬೇರೆ ಡಿಸ್ಕುಗಳಿಗೆ ಇಳಿಸಿ, ಎರಡನ್ನೂ ಬೇರೆ ಬೇರೆ ಮನೆಗಳಲ್ಲಿ ಇಡಬೇಕು. ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ ಫೋನಿನಿಂದ ಫೋನಿಗೆ ನೇರವಾಗಿ ರವಾನಿಸುವ ಏರ್ಪಾಡನ್ನು ಬಳಸಿದರೆ ಚಿತ್ರ ಕುಗ್ಗುವುದೂ ಇಲ್ಲ, ಯಾವ ಸಂಸ್ಥೆಯ ಸರ್ವರಿಗೂ ಹೋಗುವುದಿಲ್ಲ. ಬಹಳ ಮೆಚ್ಚಿದ ಹತ್ತು ಹನ್ನೆರಡನ್ನು ಕುಗ್ಗಿಸದ ಕಡತದಿಂದಲೇ ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿ, ಹಿಂಬದಿಗೆ ದಿನಾಂಕವನ್ನೂ ನಿಂತವರ ಹೆಸರನ್ನೂ ಪೆನ್ಸಿಲಿನಿಂದ ಬರೆದಿಡತಕ್ಕದ್ದು.